ಭೀತಿಯ ಸುದ್ದಿ, ಎಚ್ಚರದ ಸುದ್ದಿ

(ಬೆಂಗಳೂರಿನ ಸಂಜಯನಗರದಲ್ಲಿ ನಡೆದ ಮಲೆನಾಡಿಗರ ಸಭೆಯಲ್ಲಿ ಕೃಷಿ ವಿಜ್ಞಾನಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ಮಳೆಗಾಲ ಬಂತೆಂದರೆ ಈ ನಗರದಿಂದ ನಮ್ಮ ಊರುಗಳಿಗೆ ಆತಂಕದ ಕರೆಗಳು ಹೋಗುತ್ತವೆ. ಟಿ.ವಿ.ಯಲ್ಲಿ ಕುಸಿದ ಗುಡ್ಡವನ್ನು ಕಂಡ ಮಕ್ಕಳು ಅಪ್ಪ ಅಮ್ಮಂದಿರ ಕ್ಷೇಮ ಕೇಳುತ್ತಾರೆ. ಆ ಗುಡ್ಡವಾದರೋ ಮನೆಯಿಂದ ನೂರು ಕಿಲೋಮೀಟರ್ ದೂರದ್ದಾಗಿರುತ್ತದೆ. ಇಂಥ ಸುದ್ದಿಯ ಬಗೆಗೆ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

2011ರ ಮಾರ್ಚ್ 11ರಂದು ನಾನು ಜಪಾನಿನ ಇಬರಾಕಿ ಪ್ರಾಂತ್ಯದ ತ್ಸುಕುಬಾದಲ್ಲಿ ಸಂಶೋಧನೆಯಲ್ಲಿ ತೊಡಗಿದ್ದೆ. ಮಧ್ಯಾಹ್ನ 2 ಗಂಟೆ 46 ನಿಮಿಷಕ್ಕೆ 9.0 ಪ್ರಮಾಣದ ಭೂಕಂಪವಾಯಿತು. ಸುನಾಮಿ ಈಶಾನ್ಯ ಕರಾವಳಿಯನ್ನು ಕೊಚ್ಚಿಕೊಂಡು ಹೋಯಿತು. 18 ಸಾವಿರಕ್ಕೂ ಹೆಚ್ಚು ಮಂದಿ ಸತ್ತರು ಇಲ್ಲವೇ ಕಾಣೆಯಾದರು. ಮರುದಿನ ಫುಕುಶಿಮಾ ಅಣುಸ್ಥಾವರದಲ್ಲಿ ಸ್ಫೋಟ ಸಂಭವಿಸಿತು.

ಅಲ್ಲಿನ ಸಾರ್ವಜನಿಕ ವಾಹಿನಿಯಾದ ಎನ್.ಎಚ್.ಕೆ. ಊರೂರಿನ ಹೆಸರು ಹೇಳುತ್ತಿತ್ತು. ಭೂಕಂಪದ ಒಟ್ಟು ಶಕ್ತಿಗೆ ಒಂದೇ ಅಂಕಿ. ನೆಲ ಅದುರಿದ ಬಗೆ ಮಾತ್ರ ಊರಿಂದೂರಿಗೆ ಬೇರೆ. ಮಿಯಾಗಿಯ ಕುರಿಹಾರಾದಲ್ಲಿ ಅದು 7ನೇ ದರ್ಜೆ, ನಾವಿದ್ದಲ್ಲಿ 6, ಟೋಕಿಯೋದಲ್ಲಿ 5. ಅಲೆ ಎಲ್ಲಿಗೆ, ಎಷ್ಟು ಹೊತ್ತಿಗೆ ಬರುವುದೆಂಬುದನ್ನೂ ತಿಳಿಸುತ್ತಿದ್ದರು.

ಊರಿನಲ್ಲಿ ನನ್ನ ತಾಯಿ ನೋಡುತ್ತಿದ್ದ ವಾಹಿನಿಯೊಂದರಲ್ಲಾದರೋ ಒಂದೇ ಅಲೆ ನೂರು ಸಲ ಅಪ್ಪಳಿಸುತ್ತಿತ್ತು. ಇಡೀ ಜಪಾನ್ ಮುಳುಗಿತು, ಉಳಿದದ್ದು ವಿಕಿರಣಕ್ಕೆ ಬಲಿಯಾಯಿತು ಎಂಬ ಧಾಟಿ. ನಾವಿದ್ದುದು ಕಡಲಿನಿಂದ ಹತ್ತಾರು ಕಿಲೋಮೀಟರ್ ಒಳಗೆ, ಸ್ಥಾವರದಿಂದ ಸುಮಾರು 170 ಕಿಲೋಮೀಟರ್ ದೂರದಲ್ಲಿ. ಇದನ್ನು ಆ ವಾಹಿನಿ ಹೇಳುವಂತಿರಲಿಲ್ಲ. ಹೇಳಿದ್ದರೆ ತಾಯಿ ಮೂರು ರಾತ್ರಿ ನಿದ್ದೆಗೆಡುತ್ತಿರಲಿಲ್ಲ.

ಹಾಗೆಂದು ಅಪಾಯ ಸುಳ್ಳಾಗಿರಲಿಲ್ಲ. ಇಬರಾಕಿಯ ಪಾಲಕ್ ಸೊಪ್ಪಿನಲ್ಲಿ ಮಿತಿಮೀರಿದ ವಿಕಿರಣ ಪತ್ತೆಯಾಗಿ, ಮಾರ್ಚ್ 21ರಂದು ಅದನ್ನು ಮಾರುಕಟ್ಟೆಗೆ ಕಳುಹಿಸದಂತೆ ಆದೇಶವಾಯಿತು. ಯಾವ ಪ್ರಾಂತ್ಯ, ಯಾವ ಬೆಳೆ ಎಂಬುದು ಸ್ಪಷ್ಟವಾಗಿತ್ತು. ನಾವು ಸೊಪ್ಪನ್ನು ಬಿಟ್ಟೆವು, ಹಿಂದಿನ ವರ್ಷದ ಅಕ್ಕಿಯನ್ನು ಉಂಡೆವು.

ಶಾಂತವಾಗಿ ಹೇಳುವುದೆಂದರೆ ಕಡಿಮೆ ಹೇಳುವುದಲ್ಲ. ಜಪಾನಿನ ಹವಾಮಾನ ಸಂಸ್ಥೆ ಮೊದಲು ಮಿಯಾಗಿಗೆ 6 ಮೀಟರ್, ಇವಾತೆ ಮತ್ತು ಫುಕುಶಿಮಾಗಳಿಗೆ 3 ಮೀಟರ್ ಅಲೆ ಎಂದಿತ್ತು. ಬಂದ ಅಲೆ ಅದಕ್ಕಿಂತ ಬಹಳ ಎತ್ತರದ್ದು. ಬಳಿಕ ಅಂಕಿಯನ್ನು ಏರಿಸಿದರೂ ಆ ವೇಳೆಗೆ ಅನೇಕ ಕಡೆ ವಿದ್ಯುತ್ತೇ ಇರಲಿಲ್ಲ. ಈ ಪಾಠ ಕಲಿತ ಸಂಸ್ಥೆ, ಮಹಾಭೂಕಂಪವಾದಾಗ ಮೊದಲ ಎಚ್ಚರಿಕೆಯಲ್ಲಿ ಅಂಕಿ ಕೊಡದೆ 'ಭಾರೀ ಅಲೆ' ಎಂದೇ ಸಾರುವ ಕ್ರಮವನ್ನು 2013ರಲ್ಲಿ ತಂದಿತು.

ಈಗ ನಮ್ಮ ಗುಡ್ಡಗಳಿಗೆ ಬರೋಣ. 2018ರ ಆಗಸ್ಟ್‌ನಲ್ಲಿ ಕೊಡಗಿನ ಮಡಿಕೇರಿ, ಸೋಮವಾರಪೇಟೆ ತಾಲ್ಲೂಕುಗಳ ಕೆಲವು ಭಾಗಗಳಲ್ಲಿ ಗುಡ್ಡಗಳು ಜರಿದವು. ಪರದೆಯ ಮೇಲೆ ಇಡೀ ಕೊಡಗೇ ಜರಿದಂತೆ ಕಂಡಿತು. ಮಳೆ ನಿಂತೊಡನೆ ಕ್ಯಾಮರಾಗಳೂ ಹೊರಟುಹೋದವು. ರಸ್ತೆಗೆಂದು, ಮನೆಗೆಂದು ಇಳಿಜಾರಿನ ಬುಡ ಕಡಿದದ್ದರ ಪಾತ್ರವೇನು ಎಂದು ಕೇಳುವ ಕಾಲ ಆಗಲೇ ಆರಂಭವಾಗಿತ್ತು. ಭೀತಿಯ ಸುದ್ದಿಯ ದೊಡ್ಡ ದೋಷ ಇದೇ: ಅದು ಹೆದರಿಸುತ್ತದೆ, ಕಾರಣ ಕೇಳುವುದಿಲ್ಲ.

ವಿದ್ಯಾರ್ಥಿಗಳೇ, ಸುದ್ದಿ ಕಂಡಾಗ ಕೇಳಿರಿ: ಯಾವ ಊರು? ಎಂದು? ಎಷ್ಟು? ಈಗ ಮಾಡಬೇಕಾದುದೇನು? ಈ ನಾಲ್ಕಕ್ಕೂ ಉತ್ತರವಿಲ್ಲದ್ದನ್ನು ಇನ್ನೊಬ್ಬರಿಗೆ ದಾಟಿಸಬೇಡಿರಿ. ಇಲ್ಲಿಗೆ ಅನತಿದೂರದ ಯಲಹಂಕದಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಿದೆ. ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕಗಳ ಲೆಕ್ಕ ಅಲ್ಲಿಗೆ ಬರುತ್ತದೆ. ಅದನ್ನು ಓದಲು ಕಲಿತು ಮನೆಯವರಿಗೆ ತಿಳಿಸಿರಿ.

ಊರಿನ ಹಿರಿಯರಲ್ಲಿ ಒಂದು ವಿನಂತಿ. ಧರೆಯಲ್ಲಿ ಹೊಸ ಬಿರುಕು, ಇದ್ದಕ್ಕಿದ್ದಂತೆ ಕೆಸರಾಗಿ ಹರಿಯುವ ಒರತೆ, ವಾಲಿದ ಮರ, ಬಿಗಿದುಕೊಂಡ ಬಾಗಿಲು ಇವು ಕಂಡರೆ ಯಾವ ವಾಹಿನಿಯನ್ನೂ ಕಾಯಬೇಡಿರಿ. ದನಕರುಗಳ ಹಗ್ಗ ಬಿಚ್ಚಿ, ನೆರೆಯವರನ್ನು ಕೂಗಿ ಎಬ್ಬಿಸಿ, ಮನೆ ಬಿಟ್ಟು ಹೊರಡಿರಿ.