ಮರ ಉರುಳುವ ಮೊದಲು ಯಾರಿಗೆ ದೂರು?

ಹೈದರಾಬಾದಿನ ದಿಲ್‌ಸುಖ್‌ನಗರದ ಮೆಟ್ರೊ ಮೆಟ್ಟಿಲಿಳಿದು ಕೋಚಿಂಗ್ ಸೆಂಟರ್‌ಗಳ ಗಲ್ಲಿಗೆ ಹೊರಳಿದಾಗ, ಫುಟ್‌ಪಾತಿನಲ್ಲಿ ಉಳಿದುಕೊಂಡ ಮರಗಳ ಬುಡ ನೋಡಿ. ಎಷ್ಟೋ ಕಡೆ ಕಾಂಕ್ರೀಟು ಕಾಂಡಕ್ಕೇ ಅಂಟಿರುತ್ತದೆ. ನೀರಿಳಿಯದೆ ಬೇರು ಸೊರಗಿ, ಮರ ಒಂದು ದಿನ ‘ಅಪಾಯಕಾರಿ’ ಎನಿಸಿಕೊಳ್ಳುತ್ತದೆ. ಆಮೇಲೆ ಗರಗಸ ಬರುತ್ತದೆ. ಬುಡದ ಸುತ್ತ ಒಂದು ಮೀಟರ್ ಕಾಂಕ್ರೀಟು ತೆಗೆಯಿರಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೆಹಲಿಯ ಸಂಸ್ಥೆಗಳಿಗೆ 2013ರಲ್ಲೇ ಹೇಳಿತ್ತು.

ಇಂಥ ಮರಗಳನ್ನು ಕಂಡು ನಾವು ಪಾಲಿಕೆಯನ್ನು ಬೈಯುತ್ತೇವೆ. ಬೈಗುಳದಲ್ಲಿ ನ್ಯಾಯವಿದೆ, ವಿಳಾಸ ಮಾತ್ರ ಅರ್ಧ ತಪ್ಪು. ತೆಲಂಗಾಣದಲ್ಲಿ ಮರ ಕಡಿಯಲು 2002ರ ‘ವಾಲ್ಟಾ’ ಕಾಯ್ದೆಯಡಿ ಅರಣ್ಯ ಇಲಾಖೆಯ ಅನುಮತಿ ಬೇಕು. ಹಾಗಾಗಿ ಪಾಲಿಕೆಯ ಸೋಮವಾರದ ‘ಪ್ರಜಾವಾಣಿ’ ಅಹವಾಲು ಸಭೆಗೆ ಅರ್ಜಿ ಕೊಟ್ಟರೂ, ಒಂದು ಪ್ರತಿ ಅರಣ್ಯಾಧಿಕಾರಿಗೂ ಹೋಗಲಿ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಅನುಮತಿ ಪತ್ರ ಎಲ್ಲಿದೆ, ಅದರಲ್ಲಿ ಯಾವ್ಯಾವ ಮರಗಳಿವೆ ಎಂದು ಕೇಳಿ. ‘ಹಸಿರು ಉಳಿಸಿ’ ಎಂಬ ಮೊರೆಗಿಂತ ಈ ಪ್ರಶ್ನೆಗೆ ಉತ್ತರ ತಪ್ಪಿಸುವುದು ಕಷ್ಟ.

ಬೆಂಗಳೂರಿನವರಿಗೆ ಕೊಂಚ ಅನುಕೂಲವಿದೆ. ಕರ್ನಾಟಕದ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯ ಈಗಿನ ರೂಪದಲ್ಲಿ, ಸಾರ್ವಜನಿಕ ಕಾಮಗಾರಿಗೆ 50ಕ್ಕಿಂತ ಹೆಚ್ಚು ಮರ ಕಡಿಯುವುದಾದರೆ ಮೊದಲೇ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕೇಳಬೇಕು. ಅಲ್ಲಿ ಉದ್ದೇಶಿಸಿದ್ದ ಉಕ್ಕಿನ ಮೇಲ್ಸೇತುವೆಗೆ 812 ಮರ ಬಲಿಯಾಗಲಿವೆ ಎಂದು ಗೊತ್ತಾದಾಗ 2016ರಲ್ಲಿ ಜನ ಬೀದಿಗಿಳಿದರು. ಮರುವರ್ಷ ಸರ್ಕಾರ ಯೋಜನೆಯನ್ನೇ ಕೈಬಿಟ್ಟಿತು.

ಹೈದರಾಬಾದಿನಲ್ಲಿ ಸುದ್ದಿ ತಿಳಿಯುವಷ್ಟರಲ್ಲೇ ಯಂತ್ರ ಬಂದುಬಿಡುವುದುಂಟು. 2025ರಲ್ಲಿ ಅಲ್ಲಿನ ಕಂಚ ಗಚ್ಚಿಬೌಲಿಯ ಮರಗಿಡಗಳಿದ್ದ 400 ಎಕರೆಗೆ ಬುಲ್ಡೋಜರ್‌ಗಳು ನುಗ್ಗಿದ್ದು ಯುಗಾದಿಯ ರಜೆಯಲ್ಲಿ. ಏಪ್ರಿಲ್ 3ರಂದು ಸುಪ್ರೀಂ ಕೋರ್ಟ್ ತಡೆಯುವ ಹೊತ್ತಿಗೆ ಸುಮಾರು ನೂರು ಎಕರೆ ಬೋಳಾಗಿತ್ತು.

ಹೈದರಾಬಾದಿನ ಹತ್ತಿರದ ಚೇವೆಳ್ಳದವರು ಹಾಗೆ ಕಾಯಲಿಲ್ಲ. ಹೈದರಾಬಾದಿನಿಂದ ಚೇವೆಳ್ಳ ಹಾದು ನಮ್ಮ ವಿಜಯಪುರದ ಕಡೆಗೆ ಹೋಗುವ ಹೆದ್ದಾರಿಯಲ್ಲಿ, ಸುಮಾರು 46 ಕಿಲೋಮೀಟರ್ ಉದ್ದಕ್ಕೆ, 900ಕ್ಕೂ ಹೆಚ್ಚು ಆಲದ ಮರಗಳಿವೆ. ರಸ್ತೆ ಅಗಲೀಕರಣಕ್ಕೆ ಅವು ಬಲಿಯಾಗದಿರಲೆಂದು ಪರಿಸರಪ್ರಿಯರು ಒಂದೊಂದನ್ನೂ ಎಣಿಸಿ, ಯಾವುದು ಎಲ್ಲಿದೆ ಎಂದು ಗುರುತು ಹಾಕಿ, ಆ ಪಟ್ಟಿಯೊಂದಿಗೆ ಹಸಿರು ನ್ಯಾಯಮಂಡಳಿಗೆ ಹೋದರು. ಇಕ್ಕಟ್ಟಿನ ಆ ರಸ್ತೆಯಲ್ಲಿ ಅಪಘಾತಗಳು ಹೆಚ್ಚು. ಅಗಲೀಕರಣವೇ ಬೇಡ ಎಂದಿದ್ದರೆ ಊರಿನವರೇ ಅವರಿಗೆ ಎದುರು ನಿಲ್ಲುತ್ತಿದ್ದರು. ಅದರ ಬದಲು ಪರಿಸರಪ್ರಿಯರು, ಮರ ಉಳಿಸಿ ರಸ್ತೆ ಅಗಲ ಮಾಡಿ ಎಂದು ಪಟ್ಟು ಹಿಡಿದರು. ವರ್ಷಗಟ್ಟಲೆ ಜಗ್ಗಾಡಿದ ಮೇಲೆ, ಬಹುಪಾಲು ಆಲಗಳು ಇದ್ದಲ್ಲೇ ಉಳಿಯುವಂತೆ ಹೆದ್ದಾರಿ ಪ್ರಾಧಿಕಾರ ತನ್ನ ನಕ್ಷೆಯನ್ನು ತಿದ್ದಿತು.