ದಾರಿಯ ನಂಟು



ಈ ಲಗ್ಗೆರೆಯಲ್ಲಿ ನಮ್ಮೆದುರು ಕುಳಿತಿರುವ ತಮ್ಮಲ್ಲಿ ಹೆಚ್ಚಿನವರು ದೂರದ ಊರುಗಳಿಂದ ಬಂದವರು. 1970ರ ದಶಕದಿಂದೀಚೆಗೆ ಪೀಣ್ಯದಲ್ಲಿ ಕಾರ್ಖಾನೆಗಳು ಬೆಳೆದಂತೆಲ್ಲ ಇಲ್ಲಿಯ ಹೊಲಗಳ ಮೇಲೆ ಮನೆಗಳೆದ್ದವು. ಒಂದೇ ಗೋಡೆಯ ಆಚೆ ಈಚೆ ವರ್ಷಗಟ್ಟಲೆ ಇದ್ದವರು ಒಂದು ದಿನ ಸಾಮಾನು ಕಟ್ಟಿಕೊಂಡು ಹೊರಟುಹೋಗುತ್ತಾರೆ. "ಹೋಗಿ ಬರುತ್ತೇವೆ" ಎಂಬ ಮಾತೂ ಇರುವುದಿಲ್ಲ. ಇದನ್ನು ಕೇಳಿದಾಗ ನಮಗೆ ಶ್ರೀಶೈಲದ ದಾರಿ ನೆನಪಾಗುತ್ತದೆ.

ಹನ್ನೆರಡನೆಯ ಶತಮಾನದಲ್ಲಿ ಅಕ್ಕಮಹಾದೇವಿ ಕಲ್ಯಾಣದ ಶರಣರನ್ನು ಬೀಳ್ಕೊಂಡು ನಡೆದದ್ದು ಆ ಗಿರಿಗೇ. ಇಂದಿಗೂ ಯುಗಾದಿಗೆ ಮುಂಚೆ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯ ಭಕ್ತರು ಮಲ್ಲಯ್ಯನ ಕಂಬಿ ಹೊತ್ತು ನೂರಾರು ಕಿಲೋಮೀಟರು ನಡೆಯುತ್ತಾರೆ. ಆತ್ಮಕೂರು ದಾಟಿದರೆ ನಲ್ಲಮಲದ ಕಾಡು. ನಾಗಲೂಟಿ, ಪೆದ್ದಚೆರುವು, ಭೀಮನಕೊಳ್ಳ. ಅಲ್ಲಿಂದ ಮೇಲೇರಿದರೆ ಕೈಲಾಸದ್ವಾರ. ದಾರಿಯುದ್ದಕ್ಕೂ ನಮ್ಮ ನಾಡಿನ ಭಕ್ತರೇ ರೊಟ್ಟಿ, ಚಟ್ನಿ, ಮಜ್ಜಿಗೆ ತಂದು ದಾಸೋಹ ನಡೆಸುತ್ತಾರೆ. ಬೊಬ್ಬೆ ಎದ್ದ ಕಾಲನ್ನು ಗುರುತಿಲ್ಲದವರು ತೊಡೆಯ ಮೇಲಿಟ್ಟುಕೊಂಡು ಎಣ್ಣೆ ಹಚ್ಚುತ್ತಾರೆ. ಆ ಕಾಲು ಯಾವ ಕುಲದ್ದೆಂದು ಯಾರೂ ಕೇಳುವುದಿಲ್ಲ.

ಕೆಲವು ವರ್ಷಗಳ ಹಿಂದೆ ನಾವೂ ಆ ದಾರಿಯಲ್ಲಿ ನಡೆದೆವು. ನಮ್ಮ ಜೊತೆ ಒಬ್ಬ ವೃದ್ಧ ಭಕ್ತರಿದ್ದರು. ಆತ್ಮಕೂರಿನ ಹೊತ್ತಿಗೆ ಅವರ ಕಾಲು ಊದಿ ಹೆಜ್ಜೆ ಇಡಲಾಗಲಿಲ್ಲ. "ಅಪ್ಪಾರ, ನೀವು ನಡೀರಿ. ಮಲ್ಲಯ್ಯ ಎಲ್ಲಿಗೂ ಹೋಗೂದಿಲ್ಲ" ಎಂದರು. ಯುಗಾದಿಯ ದರ್ಶನ ತಪ್ಪೀತೆಂದು ನಾವು ನಡೆದುಬಿಟ್ಟೆವು. ಮುಚ್ಚಿಡದೆ ಹೇಳುತ್ತೇವೆ: ಗರ್ಭಗುಡಿಯ ಮುಂದೆ ನಿಂತಾಗ ನಮ್ಮ ಕಣ್ಣಿಗೆ ಲಿಂಗ ಕಾಣಲಿಲ್ಲ, ಆ ಊದಿದ ಕಾಲು ಕಂಡಿತು.

ಅವರ ಬಳಿ ಉಳಿದವನು ಒಬ್ಬ ತರುಣ. ಇದೇ ಲಗ್ಗೆರೆಯಲ್ಲಿ ಕೋಣೆ ಹಿಡಿದು ಪೀಣ್ಯದಲ್ಲಿ ಲೇತು ಯಂತ್ರದ ಕೆಲಸ ಮಾಡುವವನು. ಆ ಮುದುಕರು ಅವನ ಊರಿನವರಲ್ಲ, ನಂಟರಲ್ಲ. ಅವನ ರಜೆಯೂ ಮುಗಿಯುತ್ತಿತ್ತು. "ಅಜ್ಜಾ, ನೀ ಎದ್ದ ಮ್ಯಾಲ ಇಬ್ರೂ ಕೂಡಿ ಹೋಗೂಣು" ಎಂದು ಕುಳಿತನಂತೆ. ಯುಗಾದಿ ಕಳೆದ ಮೂರನೆಯ ದಿನ, ಜಾತ್ರೆ ಕರಗಿದ ಮೇಲೆ, ಅವರಿಬ್ಬರೂ ಕೈಲಾಸದ್ವಾರದ ಕಡೆಯಿಂದ ಮೆಲ್ಲಗೆ ನಡೆದುಬಂದದ್ದನ್ನು ನಾವು ಕಂಡೆವು. ಅಂದು ನಮಗೆ ದರ್ಶನವಾಯಿತು.

ಬಸ್ಸಿನ ಬಳಿ ಅಗಲುವಾಗ ಆ ಹಿರಿಯರು ತಮ್ಮ ಊರುಗೋಲನ್ನು ಅವನ ಕೈಗಿತ್ತರು. ಅವನು ಬಾಗಿ "ಶರಣಾರ್ಥಿ" ಎಂದ. ಅವರೂ ಅವನಿಗೆ ಬಾಗಿ "ಶರಣಾರ್ಥಿ" ಎಂದರು. ಮತ್ತೆ ಅವರು ಭೇಟಿಯಾಗಲಿಲ್ಲ. ಅವನಿಗೆ ಕೆಲವು ದಿನಗಳ ಕೂಲಿ ಹೋಯಿತು. ಆ ಕೋಲು ಇಂದಿಗೂ ಅವನ ಕೋಣೆಯ ಮೂಲೆಯಲ್ಲಿದೆ.

ಬಂಧುಗಳೇ, ನಮ್ಮಲ್ಲಿ ಕೂಡುವಾಗಲೂ ಅಗಲುವಾಗಲೂ ಹೇಳುವ ಮಾತು ಒಂದೇ, ಶರಣು. ಎದುರಿನವನಲ್ಲಿರುವ ಶಿವನಿಗೆ ಹೇಳುವ ಮಾತದು. ಅವನು ಬಂದರೇನು, ಹೊರಟರೇನು? ಜೊತೆಗೆ ನಡೆಯುವಾಗ ಹಿಂದೆ ಬಿದ್ದವನಿಗಾಗಿ ನಿಂತವನೇ ಹೀಗೆ ಬೀಳ್ಕೊಡಬಲ್ಲ. ನಿಲ್ಲದೆ ಹೋದವನಿಗೆ ನಮ್ಮಂತೆ ಪಶ್ಚಾತ್ತಾಪವೇ ಉಳಿಯುತ್ತದೆ.

ನಾಳೆ ತಮ್ಮ ಪಕ್ಕದ ಮನೆಯವರು ಹೊರಟರೆ ಬಾಗಿಲು ತೆರೆಯಿರಿ. ಒಂದು ಗಂಟು ಎತ್ತಿಕೊಡಿ, ನಾಲ್ಕು ರೊಟ್ಟಿಯ ಬುತ್ತಿ ಕಟ್ಟಿಕೊಡಿ. ಕಾಯಿಲೆ ಬಿದ್ದವರಿದ್ದರೆ ಒಂದು ದಿನದ ಕೂಲಿ ಹೋದರೂ ಅವರ ಬಳಿ ಕುಳಿತುಕೊಳ್ಳಿ. ಶ್ರೀಶೈಲದ ದಾರಿ ಈ ಲಗ್ಗೆರೆಯ ಓಣಿಯಲ್ಲಿಯೂ ಇದೆ.

ಎಲ್ಲರಿಗೂ ಶರಣು ಶರಣಾರ್ಥಿ.