ಮಗುವಿನ ಸಂಗ್ರಹವೂ ತಾಯಿಯ ಮಮತೆಯೂ

(ಗ್ರಾಮೀಣ ದಂಪತಿಗಳ ಸಭೆಯೊಂದರಲ್ಲಿ ಹಿರಿಯ ಆರೋಗ್ಯ ಸಹಾಯಕಿಯೊಬ್ಬರು ಮಾಡಿದ ಭಾಷಣ)



ಮಕ್ಕಳಿರುವ ಪ್ರತಿಯೊಂದು ಮನೆಯಲ್ಲಿಯೂ ಒಂದು ಮೂಲೆಯುಂಟು. ಅಲ್ಲಿ ಹಳೆಯ ಬಿಸ್ಕತ್ತಿನ ಡಬ್ಬಿಯೋ ಹರಕು ಚೀಲವೋ ಇರುತ್ತದೆ. ಅದರೊಳಗೆ ಹೊಳೆದಂಡೆಯ ನುಣುಪುಗಲ್ಲು, ಹುಣಸೆಬೀಜ, ಗೋಲಿ, ಬೆಂಕಿಪೊಟ್ಟಣದ ಚಿತ್ರ, ಮರಿಹಾಕುವುದೆಂದು ಪುಸ್ತಕದ ನಡುವೆ ಜೋಪಾನವಾಗಿರಿಸಿದ ನವಿಲುಗರಿ. ಇದು ನಿಮ್ಮ ಮಗುವಿನ ಆಸ್ತಿ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಆದರೆ ಆ ಮುದ್ದಿನ ಮಗು ಕೂಡಿಟ್ಟ ವಸ್ತುಗಳು ಮಾತ್ರ ನಮ್ಮ ಕಣ್ಣಿಗೆ ಕಸವಾಗಿ ಕಾಣುತ್ತವೆ. ಹಬ್ಬದ ಮುನ್ನಾದಿನ ಮನೆ ಸಾರಿಸುವಾಗ ಎಲ್ಲಕ್ಕಿಂತ ಮೊದಲು ತಿಪ್ಪೆ ಸೇರುವುದು ಆ ಡಬ್ಬಿಯೇ.

ಮಗುವಿಗೆ ಹೊಟ್ಟೆತುಂಬ ಊಟ, ಕಾಲಕಾಲಕ್ಕೆ ಚುಚ್ಚುಮದ್ದು, ಶುಚಿಯಾದ ಬಟ್ಟೆ, ಇವು ಅವಶ್ಯಕವೆಂದು ನಾವು ಪದೇಪದೇ ಹೇಳುತ್ತೇವೆ. ಮಗುವಿನ ಮನಸ್ಸಿಗೂ ಆಹಾರ ಬೇಕೆಂಬುದನ್ನು ಹೇಳಲು ಮರೆಯುತ್ತೇವೆ. ಈ ಮರೆವಿಗೆ ನಾನೂ ಹೊರತಲ್ಲ. ನನ್ನ ಮನೆಯಲ್ಲಿಯೇ ನಡೆದುದನ್ನು ಸಂಕೋಚವಿಲ್ಲದೆ ನಿಮ್ಮ ಮುಂದಿಡುತ್ತೇನೆ.

ನನ್ನ ಮಗನಿಗೆ ಆಗ ಎಂಟು ವರ್ಷ. ಕಲ್ಲು ಕೂಡಿಡುವುದೆಂದರೆ ಅವನಿಗೆ ಪ್ರಾಣ. ಯುಗಾದಿಯ ಮುನ್ನಾದಿನ ಆ ಕಲ್ಲುಗಳನ್ನೆಲ್ಲ ನಾನು ತಿಪ್ಪೆಗೆ ಸುರಿದೆ. ಅವನು ಅಳಲಿಲ್ಲ, ಜಗಳವಾಡಲಿಲ್ಲ. ಆದರೆ ಅಂದಿನಿಂದ ಶಾಲೆಯಿಂದ ಬಂದವನು ಯಾವ ಸುದ್ದಿಯನ್ನೂ ನನಗೆ ಹೇಳುತ್ತಿರಲಿಲ್ಲ. ಹುಡುಗ ಗಂಭೀರನಾದನೆಂದು ನಾನು ಸಂತೋಷಪಟ್ಟೆ. ಕೆಲವು ತಿಂಗಳ ನಂತರ ಒಂದು ದಿನ ಅವನು ಕೊಟ್ಟಿಗೆಯ ಹಿಂದೆ ಒಬ್ಬನೇ ಕುಳಿತು ಮತ್ತೆ ಕಲ್ಲು ಜೋಡಿಸುತ್ತಿದ್ದುದನ್ನು ಕಂಡೆ. ಅವನ ಮುಖದಲ್ಲಿದ್ದ ಅಂಜಿಕೆಯನ್ನು ನೋಡಿ ನನಗೆ ಗದರಿಸಲು ಮನಸ್ಸಾಗಲಿಲ್ಲ. ಪಕ್ಕದಲ್ಲಿ ಕುಳಿತು, “ಇದು ಎಲ್ಲಿ ಸಿಕ್ಕಿತಪ್ಪಾ?” ಎಂದು ಕೇಳಿದೆ. ಮೊದಲು ಅನುಮಾನಿಸಿದನು. ಬಳಿಕ ಒಂದೊಂದೇ ಕಲ್ಲನ್ನು ಕೈಗಿತ್ತು ಕಥೆ ಹೇಳತೊಡಗಿದನು. ನಾಲ್ಕನೆಯದನ್ನು ಕೊಡುತ್ತಾ, “ನಿನ್ನೆ ಇದನ್ನು ಹೆಕ್ಕುವಾಗ ನಾಯಿಮರಿ ಕಚ್ಚಿತಮ್ಮಾ” ಎಂದನು. ಕಾಲಿನಲ್ಲಿ ಎರಡು ಸಣ್ಣ ಗಾಯಗಳಿದ್ದವು. “ಏಕೆ ಹೇಳಲಿಲ್ಲ?” ಎಂದೆ. “ಹೇಳಿದರೆ ಕಲ್ಲು ಎಸೆಯುತ್ತಿದ್ದೆಯಲ್ಲ” ಎಂದನು.

ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಆಗಲೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದೆ. ಲಸಿಕೆಯ ಎಲ್ಲ ಸರದಿಗಳನ್ನೂ ತಪ್ಪದೆ ಕೊಡಿಸಿದೆ. ಹುಚ್ಚುನಾಯಿ ರೋಗದ ಲಕ್ಷಣಗಳು ಒಮ್ಮೆ ಕಾಣಿಸಿಕೊಂಡರೆ ರೋಗಿ ಬದುಕುಳಿಯುವುದು ಅತಿ ವಿರಳ. ಸಕಾಲದಲ್ಲಿ ಲಸಿಕೆ ಪಡೆದರೆ ರೋಗವನ್ನು ತಡೆಯಬಹುದು. ಗಾಯಕ್ಕೆ ಸುಣ್ಣ, ಖಾರದಪುಡಿ ಮೊದಲಾದುವನ್ನು ಹಚ್ಚಕೂಡದು. ಇದನ್ನೆಲ್ಲ ಊರೂರಿಗೆ ಹೇಳುತ್ತಿದ್ದ ನಾನು, ಅಂದು ನಾಲ್ಕನೆಯ ಕಲ್ಲಿನವರೆಗೆ ಕುಳಿತಿರದಿದ್ದರೆ! ಆ ಯೋಚನೆಯಿಂದ ಇಂದಿಗೂ ನನ್ನ ಎದೆ ನಡುಗುತ್ತದೆ. ತನ್ನ ಕಲ್ಲನ್ನು ತೋರಿಸಬಲ್ಲ ಮಗುವೇ ತನ್ನ ಗಾಯವನ್ನೂ ತೋರಿಸುತ್ತದೆ.

ಚಿಂಪಾಂಜಿಗಳನ್ನು ಕುರಿತ ಸಂಶೋಧನೆಯಿಂದ ಲೋಕಪ್ರಸಿದ್ಧರಾದ ಜೇನ್ ಗುಡಾಲ್ ಅವರು 1934ರಲ್ಲಿ ಲಂಡನ್ನಿನಲ್ಲಿ ಜನಿಸಿದರು. ಎಳೆಯ ಮಗುವಾಗಿದ್ದಾಗ ಅವರು ಎರೆಹುಳುಗಳನ್ನು ತಂದು ಹಾಸಿಗೆಯಲ್ಲಿ ಮಲಗಿಸಿಕೊಂಡಿದ್ದರಂತೆ. ತಾಯಿ ವ್ಯಾನ್ ಅವರು ಅಸಹ್ಯಪಡಲಿಲ್ಲ. ಮಣ್ಣಿಲ್ಲದೆ ಹುಳುಗಳು ಸಾಯುತ್ತವೆಂದು ತಿಳಿಸಿ, ಮಗುವಿನೊಡನೆ ತಾವೂ ಹೋಗಿ ಅವನ್ನು ತೋಟಕ್ಕೆ ಬಿಟ್ಟುಬಂದರು. ಮತ್ತೊಮ್ಮೆ ಆ ಬಾಲಕಿ ಕೋಳಿ ಮೊಟ್ಟೆಯಿಡುವುದನ್ನು ನೋಡಲು ಗಂಟೆಗಟ್ಟಲೆ ಕೋಳಿಗೂಡಿನಲ್ಲಿ ಅಡಗಿ ಕುಳಿತಳು. ಮನೆಯವರು ಗಾಬರಿಯಿಂದ ಹುಡುಕಿದರು. ಹಿಂತಿರುಗಿದ ಮಗಳ ಕಣ್ಣುಗಳ ಹೊಳಪನ್ನು ಕಂಡ ತಾಯಿ ಬೈಯದೆ, ಕುಳಿತು ಆ ಕಥೆಯನ್ನು ಪೂರ್ತಿಯಾಗಿ ಕೇಳಿದರು. 1960ರಲ್ಲಿ ಮಗಳು ಆಫ್ರಿಕದ ಗೊಂಬೆ ಅರಣ್ಯಕ್ಕೆ ಹೊರಟಾಗ ಒಬ್ಬಳನ್ನೇ ಬಿಡಲು ಅಧಿಕಾರಿಗಳು ಒಪ್ಪಲಿಲ್ಲ. ಜೊತೆಗೆ ಹೋದವರು ಅದೇ ತಾಯಿ. ನಮ್ಮ ಮಕ್ಕಳೆಲ್ಲರೂ ವಿಜ್ಞಾನಿಗಳಾಗಬೇಕೆಂದು ನಾನು ಹೇಳುತ್ತಿಲ್ಲ. ಮಗುವಿನ ಕುತೂಹಲವನ್ನು ಗೌರವಿಸಲು ಹಣ ಬೇಕಿಲ್ಲ, ಸ್ವಲ್ಪ ಹೊತ್ತು ಸಾಕು ಎಂಬುದಷ್ಟೇ ನನ್ನ ಮಾತು.

ಹಾಗಾದರೆ ತಾಯಂದಿರು ಮಾಡಬೇಕಾದುದೇನು? ಗೂಡಿನಲ್ಲಿಯೋ ಅಟ್ಟದ ಮೇಲೋ ಮಗುವಿನ ಡಬ್ಬಿಗೆ ಒಂದು ಸ್ಥಳ ಕೊಡಿ. ಮಗುವನ್ನು ಕೇಳದೆ ಅದರಿಂದ ಏನನ್ನೂ ಎಸೆಯಬೇಡಿ. ರೊಟ್ಟಿ ತಟ್ಟುವಾಗ, ಅಕ್ಕಿ ಆರಿಸುವಾಗ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು “ಇಂದು ಏನು ಸಿಕ್ಕಿತು?” ಎಂದು ವಿಚಾರಿಸಿ. ಬೀಜಗಳನ್ನು ಎಣಿಸುತ್ತಾ ಲೆಕ್ಕ ಕಲಿಯಲಿ, ಎಲೆಗಳನ್ನು ಒಣಗಿಸುತ್ತಾ ಗಿಡಮರಗಳ ಹೆಸರು ಕಲಿಯಲಿ. ಹಕ್ಕಿಯ ಮೊಟ್ಟೆಯನ್ನು ಮಾತ್ರ ಗೂಡಿನಲ್ಲಿಯೇ ಬಿಡಲು ತಿಳಿಸಿ. ಗಂಡುಮಗನ ಗಾಳಿಪಟಕ್ಕೆ ದೊರೆಯುವ ಬಿಡುವು ಹೆಣ್ಣುಮಗಳ ಬಳೆಚೂರಿಗೂ ದೊರೆಯಲಿ. ಅವಳ ಬಾಲ್ಯವೆಲ್ಲ ಪಾತ್ರೆ ತೊಳೆಯುವುದರಲ್ಲಿಯೇ ಕಳೆದುಹೋಗಬಾರದು.

ಮಮತೆಯ ಜೊತೆಗೆ ಎಚ್ಚರವೂ ಇರಲಿ. ಕೆಂಪು ಕಪ್ಪಿನ ಗುಲಗಂಜಿ ನೋಡಲು ಎಷ್ಟು ಚೆಲುವೋ ಅಷ್ಟೇ ವಿಷಕಾರಿ. ಅಗಿದು ನುಂಗಿದರೆ ಪ್ರಾಣಾಪಾಯ. ಅಳಗುಳಿ ಮಣೆಗೆ ಹುಣಸೆಬೀಜವನ್ನೇ ಬಳಸಲಿ. ಹರಳು ಮತ್ತು ದತ್ತೂರಿಯ ಬೀಜಗಳೂ ವಿಷಕಾರಿಯೇ. ಗಡಿಯಾರ, ಆಟಿಕೆಗಳ ಗುಂಡಿಯಂತಹ ಸಣ್ಣ ಬ್ಯಾಟರಿ ಗಂಟಲಿಗಿಳಿದು ಸಿಕ್ಕಿಕೊಂಡರೆ ಕೆಲವೇ ಗಂಟೆಗಳಲ್ಲಿ ಅನ್ನನಾಳವನ್ನು ಸುಡಬಲ್ಲದು. ಕ್ರಿಮಿನಾಶಕದ ಖಾಲಿ ಬಾಟಲಿ, ಬಳಸಿ ಬಿಸಾಡಿದ ಸೂಜಿ, ಇವು ಡಬ್ಬಿಗೆ ಸೇರಲೇಬಾರದು. ಗೋಲಿ, ಬೀಜಗಳನ್ನು ಎಳೆಯ ತಮ್ಮ ತಂಗಿಯರ ಕೈಗೆಟುಕದಂತೆ ಇರಿಸಿ. ಮಣ್ಣಿನಲ್ಲಿ ಆಡಿದ ಮೇಲೆ ಸಾಬೂನಿನಿಂದ ಕೈ ತೊಳೆಯುವುದು ನಿತ್ಯದ ಅಭ್ಯಾಸವಾಗಲಿ.

ಇಷ್ಟಕ್ಕೆಲ್ಲ ತಾಯಿಗೆ ಬಿಡುವೆಲ್ಲಿ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕಂಕುಳಲ್ಲಿ ಒಂದು ಕೂಸು, ಗರ್ಭದಲ್ಲಿ ಮತ್ತೊಂದು ಇರುವ ತಾಯಿ ಮೂರನೆಯ ಮಗುವಿನ ಕಲ್ಲಿನ ಕಥೆಯನ್ನು ಕೇಳುವುದಾದರೂ ಹೇಗೆ? ಆದುದರಿಂದಲೇ ಎರಡು ಹೆರಿಗೆಗಳ ನಡುವೆ ಕನಿಷ್ಠ ಮೂರು ವರ್ಷಗಳ ಅಂತರವಿರಲಿ ಎನ್ನುತ್ತೇವೆ. ತಾಯಿಯ ದೇಹ ಚೇತರಿಸಿಕೊಳ್ಳುತ್ತದೆ, ಪ್ರತಿಯೊಂದು ಮಗುವಿಗೂ ಅದರ ಪಾಲಿನ ಮಡಿಲು ದೊರೆಯುತ್ತದೆ. ವಂಕಿ, ನಿರೋಧ್, ಅಂತರ ಚುಚ್ಚುಮದ್ದು, ಛಾಯಾ ಮಾತ್ರೆ, ಇವು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುತ್ತವೆ. ಪತಿಪತ್ನಿಯರಿಬ್ಬರೂ ಕೂಡಿ ಬಂದು, ನಿಮಗೆ ಹೊಂದುವ ವಿಧಾನವನ್ನು ವಿಚಾರಿಸಿ ಆರಿಸಿಕೊಳ್ಳಿ. ಸೋದರರೇ, ಈ ಹೊಣೆ ಹೆಂಗಸರದು ಮಾತ್ರವಲ್ಲ. ನೀರು ಸೇದುವುದರಲ್ಲಿ, ಕೂಸನ್ನು ಎತ್ತಿಕೊಳ್ಳುವುದರಲ್ಲಿ ನೀವು ಕೈಜೋಡಿಸಿದರೆ ಮಕ್ಕಳ ತಾಯಿಗೆ ಅರ್ಧಗಂಟೆ ಉಳಿಯುತ್ತದೆ. ನೀವೂ ಆ ಡಬ್ಬಿಯ ಮುಂದೆ ಕುಳಿತರೆ ಮಗುವಿನ ಸಂತೋಷ ಇಮ್ಮಡಿಯಾಗುತ್ತದೆ.

ಇಂದು ಮನೆಗೆ ಹೋದ ಕೂಡಲೇ ನಿಮ್ಮ ಮಗುವನ್ನು ಕರೆದು, “ನಿನ್ನ ಡಬ್ಬಿ ತೋರಿಸು” ಎಂದು ಕೇಳಿರಿ. ಅದು ಹೇಳುವುದನ್ನೆಲ್ಲ ಕೊನೆಯವರೆಗೂ ಆಲಿಸಿರಿ. ಇಷ್ಟೇ ನನ್ನ ಬಿನ್ನಹ.